ಎಲ್ಲರೂ ನಕ್ಕರು, ನಮಗೆ ನಗು ಬರಲಿಲ್ಲ: ಇಂಗ್ಲಿಷ್ ಪಾಠ ಇರುವುದು ಅಲ್ಲೇ

(ಇಂಗ್ಲಿಷ್ ಕಲಿಯುತ್ತಿರುವ ದೊಡ್ಡವರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಬಹಳಷ್ಟು ಜನ ವರ್ಷಗಟ್ಟಲೆ ಇಂಗ್ಲಿಷ್ ಓದಿದವರು. ಪೇಪರ್ ಓದುತ್ತೀರಿ, ಅರ್ಜಿ ಬರೆಯುತ್ತೀರಿ. ಆದರೆ ಇಬ್ಬರು ನಟರು ಸೋಫಾ ಮೇಲೆ ಕೂತು ಹರಟುವ ಐದು ನಿಮಿಷದ ವಿಡಿಯೋ ಹಾಕಿದರೆ ಅರ್ಧಕ್ಕರ್ಧ ತಲೆಗೆ ಹತ್ತುವುದಿಲ್ಲ. ಅಲ್ಲಿನ ಪ್ರೇಕ್ಷಕರು ಬಿದ್ದು ಬಿದ್ದು ನಗುತ್ತಾರೆ. ನಾವು ‘ಈಗೇನಾಯ್ತು?’ ಎಂದು ಪರದೆ ನೋಡುತ್ತಾ ಕೂರುತ್ತೇವೆ. ಇವತ್ತು ನಾನು ಮಾತಾಡುವುದು ಆ ಒಂದು ಜಾಗದ ಬಗ್ಗೆ. ದಿನಬಳಕೆಯ ಇಂಗ್ಲಿಷ್ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಗುರುತು ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಯಾಕೆ ಅಂದರೆ, ಪಾಠದ ವಿಡಿಯೋ ನೋಡುವಾಗ ನಮಗೆ ಎಷ್ಟು ಅರ್ಥವಾಯಿತು ಎಂಬುದು ನಮಗೇ ಸರಿಯಾಗಿ ಗೊತ್ತಾಗುವುದಿಲ್ಲ. ತಲೆಯಾಡಿಸುತ್ತಾ ಮುಂದೆ ಹೋಗಿಬಿಡುತ್ತೇವೆ. ಜೋಕ್ ಹಾಗೆ ಬಿಡುವುದಿಲ್ಲ. ಅರ್ಥವಾದರೆ ನಗು ತಾನಾಗಿ ಬರುತ್ತದೆ, ಇಲ್ಲವಾದರೆ ಇಲ್ಲ. ಅದರ ಮೇಲೆ, ಎಲ್ಲಿ ಅರ್ಥವಾಗಬೇಕಿತ್ತು ಎಂಬುದನ್ನು ಪ್ರೇಕ್ಷಕರ ನಗು ಸೆಕೆಂಡಿನ ಲೆಕ್ಕದಲ್ಲಿ ತೋರಿಸಿಕೊಡುತ್ತದೆ. ಭಾಷಾ ಕಲಿಕೆಯ ಬಗ್ಗೆ ಕೆಲಸ ಮಾಡಿದ ರಿಚರ್ಡ್ ಶ್ಮಿಟ್ ಎಂಬ ವಿದ್ವಾಂಸರು 1990ರಲ್ಲಿ ಒಂದು ವಾದ ಮುಂದಿಟ್ಟರು. ಕಿವಿಗೆ ಬಿದ್ದದ್ದೆಲ್ಲ ಕಲಿಕೆ ಆಗುವುದಿಲ್ಲ, ಗಮನಕ್ಕೆ ಬಂದದ್ದು ಮಾತ್ರ ಆಗುತ್ತದೆ ಎಂಬುದು ಅದರ ಸಾರ. ಅವರು ನಕ್ಕು ನಾವು ನಗದಿದ್ದಾಗ ಒಂದು ಸಣ್ಣ ಕಸಿವಿಸಿ ಆಗುತ್ತದೆ ನೋಡಿ, ಗಮನ ಅಂದರೆ ಅದೇ. ಅದನ್ನು ಸುಮ್ನೆ ಬಿಟ್ಟು ಮುಂದಿನ ವಿಡಿಯೋಗೆ ಹೋಗಬೇಡಿ.

ಇನ್ನು, ಸೆಲೆಬ್ರಿಟಿಗಳೇ ಯಾಕೆ? ಯಾರ ಹರಟೆಯಾದರೂ ಆಗಬಹುದಲ್ವಾ? ಆಗಬಹುದು. ಆದರೆ ಗೊತ್ತಿರುವ ಮುಖ ನಮ್ಮ ಕೆಲಸವನ್ನು ಎಷ್ಟೋ ಹಗುರ ಮಾಡುತ್ತದೆ. ಆ ನಟ ಯಾರು, ಯಾವ ಪಾತ್ರ ಮಾಡಿದ್ದಾನೆ, ಅವನ ದನಿ ಹೇಗಿದೆ ಎಂಬುದೆಲ್ಲ ಮೊದಲೇ ಗೊತ್ತಿರುತ್ತದೆ. ಹೀಗಾಗಿ ಮನಸ್ಸು ಪೂರ್ತಿಯಾಗಿ ಮಾತಿನ ಕಡೆಗೇ ಹೋಗಬಹುದು.

ಇಲ್ಲಿ ಒಂದು ಲೆಕ್ಕ ಹೇಳುತ್ತೇನೆ. ಸ್ಟುವರ್ಟ್ ವೆಬ್ ಮತ್ತು ಮೈಕೆಲ್ ರಾಜರ್ಸ್ ಎಂಬ ಇಬ್ಬರು ಸಂಶೋಧಕರು ಅಮೆರಿಕ ಮತ್ತು ಬ್ರಿಟನ್ನಿನ ಟಿವಿ ಕಾರ್ಯಕ್ರಮಗಳ ಮಾತುಗಳನ್ನು ಎಣಿಸಿ 2009ರಲ್ಲಿ ಪ್ರಕಟಿಸಿದರು. ತೀರಾ ಬಳಕೆಯ 3,000 ಪದಕುಟುಂಬಗಳು, ಜೊತೆಗೆ ಜನರ ಮತ್ತು ಊರುಗಳ ಹೆಸರು ಗೊತ್ತಿದ್ದರೆ ಟಿವಿಯಲ್ಲಿ ಬರುವ ಮಾತಿನ ಸುಮಾರು ಶೇ. 95ರಷ್ಟು ಗೊತ್ತಿರುವ ಪದಗಳೇ ಆಗಿರುತ್ತವೆ. ಪದಕುಟುಂಬ ಅಂದರೆ ಪ್ಲೇ, ಪ್ಲೇಡ್, ಪ್ಲೇಯರ್ ಎಲ್ಲ ಸೇರಿ ಒಂದು. ಶೇ. 98ಕ್ಕೆ ಮುಟ್ಟಬೇಕಾದರೆ ಸುಮಾರು 7,000 ಬೇಕು. ಅಂದರೆ ಮೊದಲ 3,000 ನಮ್ಮನ್ನು ಬಹಳ ದೂರ ಕರೆದುಕೊಂಡು ಹೋಗುತ್ತದೆ. ಆಮೇಲಿನ ಮೂರು ಅಂಶಕ್ಕೆ ಇನ್ನೂ ಸುಮಾರು 4,000 ಕಲಿಯಬೇಕು. ಶೇ. 95 ಎಂದರೂ ಇಪ್ಪತ್ತಕ್ಕೆ ಒಂದು ಪದ ಗೊತ್ತಿಲ್ಲ ಎಂದಾಯಿತು. ಮಾತು ನಿಮಿಷಕ್ಕೆ 150 ಪದದಷ್ಟು ಓಡುತ್ತಿದ್ದರೆ ಪ್ರತಿ ನಿಮಿಷ ಏಳೆಂಟು ಪದ ಕೈತಪ್ಪುತ್ತವೆ. ಗೊತ್ತಿರುವ ಮುಖ, ಗೊತ್ತಿರುವ ಸಂಗತಿ ಸಹಾಯಕ್ಕೆ ಬರುವುದು ಆ ಏಳೆಂಟು ಪದಗಳನ್ನು ಊಹಿಸುವಾಗ.

ಈಗ ನಿಜವಾದ ವಿಷಯಕ್ಕೆ ಬರೋಣ. ಎಲ್ಲಾ ತಮಾಷೆ ವಿಡಿಯೋಗಳೂ ಒಂದೇ ಥರದ ಇಂಗ್ಲಿಷ್ ಕಲಿಸುವುದಿಲ್ಲ. ಮೊದಲೇ ತಯಾರಾಗಿ ಬಂದು ಸಿನಿಮಾ ಪ್ರಚಾರಕ್ಕೆ ಹೇಳುವ ಮಾತು ಬೇರೆ, ಬಾಯಿತಪ್ಪಿ ಬರುವ ಮಾತು ಬೇರೆ. ನಮಗೆ ಬೇಕಾಗಿರುವುದು ಎರಡನೆಯದು.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ‘ಹಾಟ್ ಒನ್ಸ್’. 2015ರಲ್ಲಿ ಯೂಟ್ಯೂಬಿನಲ್ಲಿ ಶುರುವಾದ ಸಂದರ್ಶನ ಸರಣಿ ಇದು. ಶಾನ್ ಎವಾನ್ಸ್ ಎಂಬ ನಿರೂಪಕ ಪ್ರಶ್ನೆ ಕೇಳುತ್ತಾ ಹೋಗುತ್ತಾನೆ. ಅವನೂ ಅತಿಥಿಯೂ ಒಂದಕ್ಕಿಂತ ಒಂದು ಖಾರದ ಹತ್ತು ಕೋಳಿ ರೆಕ್ಕೆಗಳನ್ನು ತಿನ್ನುತ್ತಾ ಹೋಗುತ್ತಾರೆ. ಶುರುವಿನಲ್ಲಿ ಅತಿಥಿಯ ಉತ್ತರಗಳು ಉದ್ದ, ವಾಕ್ಯಗಳು ನೀಟು. ಖಾರ ಏರಿದಂತೆ ವಾಕ್ಯ ಚಿಕ್ಕದಾಗುತ್ತದೆ. ‘ಹೋಲ್ಡ್ ಆನ್’ ಎನ್ನುತ್ತಾರೆ, ತಡಿ ಎಂದರ್ಥ. ‘ಗಿವ್ ಮಿ ಎ ಸೆಕೆಂಡ್’ ಎನ್ನುತ್ತಾರೆ. ‘ಇಟ್ಸ್ ಕಿಕಿಂಗ್ ಇನ್’ ಅಂದರೆ ಈಗ ಹತ್ತಲು ಶುರುವಾಯಿತು. ಖಾರಕ್ಕಷ್ಟೇ ಅಲ್ಲ, ಮಾತ್ರೆ ಕೆಲಸ ಮಾಡಲು ಶುರುವಾದರೂ ಇದೇ ಮಾತು. ‘ಮೈ ನೋಸ್ ಈಸ್ ರನ್ನಿಂಗ್’ ಅಂದರೆ ಮೂಗು ಸೋರುತ್ತಿದೆ. ನೆಗಡಿ ಆದಾಗ ಡಾಕ್ಟರ ಹತ್ತಿರ ಹೇಳುವುದೂ ಇದನ್ನೇ. ಮೈಯಲ್ಲಿ ಆಗುವ ಅನುಭವ ಹೇಳುವ ಮಾತುಗಳು ಪಠ್ಯಪುಸ್ತಕದಲ್ಲಿ ಇಷ್ಟು ಚೆನ್ನಾಗಿ ಸಿಗುವುದು ಕಷ್ಟ. ಇಲ್ಲಿ ಕಣ್ಣಲ್ಲಿ ನೀರು ಬರುತ್ತಿರುವುದು ಕಾಣುತ್ತದೆ, ಅದೇ ಹೊತ್ತಿಗೆ ಮಾತು ಕೇಳುತ್ತದೆ. ನಿಘಂಟು ತೆಗೆಯುವ ಅಗತ್ಯವೇ ಇರುವುದಿಲ್ಲ.

ಇನ್ನೊಂದು, ಜಿಮ್ಮಿ ಫ್ಯಾಲನ್ 2014ರಿಂದ ನಡೆಸುತ್ತಿರುವ ಅಮೆರಿಕದ ಟಿವಿ ಹರಟೆ ಕಾರ್ಯಕ್ರಮ ‘ದಿ ಟುನೈಟ್ ಶೋ’ದ ಆಟಗಳು. ಅದರಲ್ಲಿ ‘ಬಾಕ್ಸ್ ಆಫ್ ಲೈಸ್’ ಎಂಬುದನ್ನು ನೋಡಿ. ಇಬ್ಬರು ಎದುರುಬದುರು ಕೂರುತ್ತಾರೆ, ನಡುವೆ ಅಡ್ಡಗೋಡೆ. ಒಬ್ಬರು ಪೆಟ್ಟಿಗೆ ತೆರೆದು ಒಳಗಿರುವ ವಿಚಿತ್ರ ವಸ್ತುವನ್ನು ವಿವರಿಸಬೇಕು. ಅದು ನಿಜವೂ ಆಗಿರಬಹುದು, ಹಸೀ ಸುಳ್ಳೂ ಆಗಿರಬಹುದು. ಎದುರಿನವರು ಯಾವುದೆಂದು ಕಂಡುಹಿಡಿಯಬೇಕು. ಇಡೀ ಆಟ ನಡೆಯುವುದೇ ವಿವರಣೆಯ ಮೇಲೆ. ಯಾವುದರ ಮೇಲೆ ಏನಿದೆ, ಯಾವುದಕ್ಕೆ ಏನು ಅಂಟಿಸಿದ್ದಾರೆ, ಯಾವುದರ ಒಳಗಿಂದ ಏನು ಚಾಚಿಕೊಂಡಿದೆ. ‘ಆನ್ ಟಾಪ್ ಆಫ್’, ‘ಸ್ಟಿಕಿಂಗ್ ಔಟ್ ಆಫ್’, ‘ಕವರ್ಡ್ ಇನ್’, ‘ಮೇಡ್ ಆಫ್’. ಇಂಥವನ್ನು ವ್ಯಾಕರಣದ ಪಟ್ಟಿಯಲ್ಲಿ ನೂರು ಸಲ ಓದಿದರೂ ಬಾಯಿಗೆ ಬರುವುದಿಲ್ಲ. ಇಲ್ಲಿ ಒಂದು ಅನುಕೂಲವಿದೆ. ವಸ್ತು ಕ್ಯಾಮೆರಾಕ್ಕೆ ಕಾಣುತ್ತದೆ, ಅಂದರೆ ನಮಗೂ ಕಾಣುತ್ತದೆ. ವಿಡಿಯೋ ನಿಲ್ಲಿಸಿ, ಅವರು ಹೇಳುವ ಮೊದಲೇ ಅದನ್ನು ನೀವೇ ಇಂಗ್ಲಿಷಿನಲ್ಲಿ ವಿವರಿಸಿ. ಆಮೇಲೆ ಅವರು ಹೇಗೆ ಹೇಳಿದರು ಎಂದು ಕೇಳಿ. ಈ ಎರಡರ ನಡುವಿನ ಅಂತರವೇ ನಿಮ್ಮ ಆವತ್ತಿನ ಪಾಠ.

ಪ್ರಶ್ನೆ ಕೇಳುವ ರೀತಿ ಕಲಿಯಬೇಕೆಂದರೆ ‘ವೈರ್ಡ್’ ಪತ್ರಿಕೆಯ ಆಟೋಕಂಪ್ಲೀಟ್ ಸಂದರ್ಶನಗಳು ಚೆನ್ನಾಗಿವೆ. ತಾರೆಯರ ಬಗ್ಗೆ ಜನ ಅಂತರ್ಜಾಲದಲ್ಲಿ ಹುಡುಕುವ ಪ್ರಶ್ನೆಗಳಿಗೆ ಆ ತಾರೆಯರೇ ಉತ್ತರಿಸುತ್ತಾರೆ. ಕೈಯಲ್ಲಿರುವ ಫಲಕದಿಂದ ಒಂದೊಂದೇ ಪಟ್ಟಿ ಕಿತ್ತು ಪ್ರಶ್ನೆ ಓದುತ್ತಾರೆ. ಡಸ್, ಡಿಡ್, ಕ್ಯಾನ್, ಹೌ, ವೈ ಎಲ್ಲವೂ ಸಾಲುಸಾಲಾಗಿ ಬರುತ್ತವೆ. ಬರಹ ಕಣ್ಣಿಗೆ, ದನಿ ಕಿವಿಗೆ. ಪ್ರಶ್ನೆವಾಕ್ಯದಲ್ಲಿ ತಡವರಿಸುವವರು ಇಲ್ಲಿಂದಲೇ ಶುರು ಮಾಡಬಹುದು.

ಬೇರೆ ಬೇರೆ ಉಚ್ಚಾರಕ್ಕೆ ಕಿವಿ ಪಳಗಬೇಕಾದರೆ 2007ರಿಂದ ಬಿಬಿಸಿಯಲ್ಲಿ ಬರುತ್ತಿರುವ ‘ದಿ ಗ್ರಹಾಂ ನಾರ್ಟನ್ ಶೋ’. ನಾರ್ಟನ್ ಐರ್ಲೆಂಡಿನವರು. ಕೆಂಪು ಸೋಫಾದ ಮೇಲೆ ಅಮೆರಿಕದವರು, ಸ್ಕಾಟ್ಲೆಂಡಿನವರು, ಇಂಗ್ಲೆಂಡಿನವರು ಒಟ್ಟಿಗೆ ಕೂತು ಒಬ್ಬರ ಮಾತಿಗೊಬ್ಬರು ಬಾಯಿ ಹಾಕುತ್ತಾರೆ. ಶುರುವಿಗೆ ಇದು ಕಷ್ಟ, ಸ್ವಲ್ಪ ಪಳಗಿದ ಮೇಲೆ ಬನ್ನಿ. ಕೊನೆಯಲ್ಲಿ ಕೆಂಪು ಕುರ್ಚಿಯ ಒಂದು ಭಾಗ ಬರುತ್ತದೆ. ಪ್ರೇಕ್ಷಕರಲ್ಲಿ ಒಬ್ಬರು ಕೂತು ತಮ್ಮ ಜೀವನದ ಒಂದು ತಮಾಷೆ ಪ್ರಸಂಗ ಹೇಳಬೇಕು. ಸಪ್ಪೆ ಎನಿಸಿದರೆ ಸನ್ನೆಕೋಲು ಎಳೆಯುತ್ತಾರೆ, ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಸಾಮಾನ್ಯ ಜನ ಒಂದು ಘಟನೆಯನ್ನು ಹೇಗೆ ಹೇಳುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಡ.

ಕಥೆ ಹೇಳುವಾಗಿನ ಇಂಗ್ಲಿಷನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಮಗೆ ಶಾಲೆಯಲ್ಲಿ ಕಲಿಸಿದ್ದು, ಆಗಿಹೋದ ಕಥೆಗೆ ಭೂತಕಾಲ ಬಳಸಬೇಕು ಅಂತ. ಇವರು ಹೇಳುವುದು ಹೀಗೆ: ‘ಸೋ ಐಯಾಮ್ ಸಿಟಿಂಗ್ ದೇರ್, ಅಂಡ್ ದಿಸ್ ಗೈ ಕಮ್ಸ್ ಅಪ್ ಟು ಮಿ, ಅಂಡ್ ಹೀಸ್ ಲೈಕ್...’ ಹೋದ ವರ್ಷದ ಘಟನೆ, ಆದರೆ ಕಣ್ಣೆದುರು ಈಗ ನಡೆಯುತ್ತಿದೆ ಎಂಬಂತೆ ಎಲ್ಲವೂ ವರ್ತಮಾನಕಾಲ. ‘ದಿಸ್ ಗೈ’ ಎಂದಾಗ ಯಾರನ್ನೂ ಬೆರಳು ಮಾಡಿ ತೋರಿಸುತ್ತಿಲ್ಲ, ಯಾವನೋ ಒಬ್ಬ ಎಂದಷ್ಟೇ. ‘ಹೀಸ್ ಲೈಕ್’ ಅಂದರೆ ಅವನು ಹೀಗಂದ. ಈ ಮೂರು ಗೊತ್ತಾಗದಿದ್ದರೆ ಪ್ರತಿ ಪದ ಗೊತ್ತಿದ್ದರೂ ಕಥೆ ತಪ್ಪಿಹೋಗುತ್ತದೆ. ಗೊತ್ತಾದರೆ, ಮುಂದೆ ನೋಡುವ ಹರಟೆಗಳಲ್ಲೆಲ್ಲ ಇದೇ ಅಚ್ಚು ಮತ್ತೆ ಮತ್ತೆ ಸಿಗುತ್ತದೆ.

ಬ್ಲೂಪರ್‌ಗಳ ಬಗ್ಗೆ ಒಂದು ಮಾತು. ಶೂಟಿಂಗಿನಲ್ಲಿ ಎಡವಟ್ಟಾದ ತುಣುಕುಗಳು ಇವು. ಜನ ಇದನ್ನು ಬರೀ ಮಜಾಕ್ಕೆ ನೋಡುತ್ತಾರೆ. ಕಲಿಯುವವರಿಗೆ ಇದು ಚಿನ್ನ. ನಟ ಒಂದು ಸಾಲು ಹೇಳಲು ಹೋಗಿ ನಕ್ಕುಬಿಡುತ್ತಾನೆ. ಮತ್ತೆ ಅದೇ ಸಾಲು, ಮತ್ತೆ ನಗು. ಒಂದೇ ವಾಕ್ಯವನ್ನು ನಾಲ್ಕೈದು ಸಲ, ಬೇರೆ ಬೇರೆ ವೇಗದಲ್ಲಿ, ಬೇಸರವಿಲ್ಲದೆ ಕೇಳುವ ಅವಕಾಶ ಬೇರೆಲ್ಲೂ ಇಷ್ಟು ಸಲೀಸಾಗಿ ಸಿಗುವುದಿಲ್ಲ. ನಡುನಡುವೆ ‘ಸಾರಿ, ಲೆಟ್ಸ್ ಗೋ ಅಗೇನ್’, ‘ವಾಟ್ಸ್ ಮೈ ಲೈನ್?’, ‘ಐ ಮೆಸ್ಡ್ ಅಪ್’ ಎಂಬ ಮಾತುಗಳು ಉಚಿತ. ಕೆಲಸದ ಜಾಗದಲ್ಲಿ ಏನಾದರೂ ಎಡವಿದಾಗ ಹೇಳಬೇಕಾದ ಮಾತುಗಳೇ ಅಲ್ವಾ ಇವು?

ತೀರಾ ಹೊಸಬರಿಗೆ ನಾನು ಹೇಳುವುದು ‘ಸೆಸಮಿ ಸ್ಟ್ರೀಟ್’. 1969ರಿಂದ ಬರುತ್ತಿರುವ ಮಕ್ಕಳ ಕಾರ್ಯಕ್ರಮ. ಹೆಸರಾಂತ ನಟರು ಬೊಂಬೆಗಳ ಜೊತೆ ಕೂತು ಒಂದೊಂದು ಪದ ವಿವರಿಸುವ ಚಿಕ್ಕ ವಿಡಿಯೋಗಳಿವೆ. ಮಾರ್ಕ್ ರಫಲೋ ‘ಎಂಪಥಿ’ ಎಂಬ ಪದವನ್ನು ಮರ್ರಿ ಎಂಬ ಬೊಂಬೆಗೆ ವಿವರಿಸುವುದನ್ನು ನೋಡಿ. ಅರ್ಥ ಹೇಳುವುದಕ್ಕಿಂತ ಸಂದರ್ಭ ಕಟ್ಟಿಕೊಡುತ್ತಾರೆ. ಮಕ್ಕಳ ಕಾರ್ಯಕ್ರಮ ಎಂದು ಸಂಕೋಚ ಬೇಡ. ಮಾತು ನಿಧಾನ, ಸ್ಪಷ್ಟ, ಮತ್ತು ನಿಜಕ್ಕೂ ನಗು ಬರುತ್ತದೆ.

ಸರಿ, ನಗು ಬರದ ಜಾಗದಲ್ಲಿ ವಿಡಿಯೋ ನಿಲ್ಲಿಸಿದ್ದೀರಿ. ಈಗ ಏನು ಮಾಡಬೇಕು?

ಮೊದಲು ಐದು ಹತ್ತು ಸೆಕೆಂಡ್ ಹಿಂದೆ ಹೋಗಿ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ನೋಡುತ್ತಿದ್ದರೆ ಎಡಬಾಣದ ಕೀಲಿ ಐದು ಸೆಕೆಂಡ್ ಹಿಂದಕ್ಕೆ ಒಯ್ಯುತ್ತದೆ, ಜೆ ಕೀಲಿ ಹತ್ತು ಸೆಕೆಂಡ್. ಕ್ಯಾಪ್ಶನ್, ಅಂದರೆ ಪರದೆಯ ಮೇಲೆ ಬರುವ ಮಾತಿನ ಬರಹ, ಹಾಕದೆ ಇನ್ನೊಮ್ಮೆ ಕೇಳಿ. ಆಮೇಲೆ ಇಂಗ್ಲಿಷ್ ಕ್ಯಾಪ್ಶನ್ ಹಾಕಿ ನೋಡಿ. ಆಗ ಎಲ್ಲಿ ಸಿಕ್ಕಿಬಿದ್ದಿರಿ ಎಂಬುದು ಗೊತ್ತಾಗುತ್ತದೆ.

ಬಹಳ ಸಲ ಆಗುವುದು ಏನೆಂದರೆ, ಕ್ಯಾಪ್ಶನ್ನಿನಲ್ಲಿ ಎಲ್ಲವೂ ಗೊತ್ತಿರುವ ಪದಗಳೇ! ಕಿವಿಗೆ ಮಾತ್ರ ಬೇರೆ ಏನೋ ಕೇಳಿಸಿತ್ತು. ‘ವಾಟ್ ಆರ್ ಯು ಗೋಯಿಂಗ್ ಟು ಡೂ’ ಎಂಬುದು ‘ವಾಚಗನಡೂ’ ಆಗಿರುತ್ತದೆ. ಅಮೆರಿಕದವರ ಬಾಯಲ್ಲಿ ‘ಪಿಕ್ ಇಟ್ ಅಪ್’ ಎಂಬುದು ‘ಪಿಕಿಡಪ್’. ಇಲ್ಲಿ ಕನ್ನಡ ಲಿಪಿ ನಮ್ಮ ಕೈಯಲ್ಲಿರುವ ಒಳ್ಳೆಯ ಸಾಧನ. ಕೇಳಿದ್ದನ್ನು ಕೇಳಿದ ಹಾಗೇ ಬರೆಯಬಹುದು. ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಇಂಗ್ಲಿಷ್ ವಾಕ್ಯ, ಬಲಗಡೆ ನಿಮ್ಮ ಕಿವಿಗೆ ಬಿದ್ದದ್ದನ್ನು ಕನ್ನಡದಲ್ಲಿ ಬರೆಯಿರಿ. ಒಂದೆರಡು ಪುಟ ತುಂಬುವಷ್ಟರಲ್ಲಿ ಯಾವ ಸದ್ದು ಎಲ್ಲಿ ಮಾಯವಾಗುತ್ತದೆ ಎಂಬ ಅಂದಾಜು ಸಿಗುತ್ತದೆ. ‘ಕ್ಯಾನ್’ ಮತ್ತು ‘ಕಾಂಟ್’ ನೋಡಿ. ಅಮೆರಿಕದ ಮಾತಿನಲ್ಲಿ ‘ಮಾಡಬಲ್ಲೆ’ ಎನ್ನುವಾಗ ಅದು ಸಣ್ಣದಾಗಿ ‘ಐ ಕನ್ ಡೂ ಇಟ್’ ಎಂದು ಹಾರಿಹೋಗುತ್ತದೆ. ‘ಮಾಡಲಾರೆ’ ಎನ್ನುವಾಗ ಕೊನೆಯ ಟ್ ಸರಿಯಾಗಿ ಕೇಳಿಸುವುದೇ ಇಲ್ಲ, ಆದರೆ ‘ಕ್ಯಾನ್’ ಎಂಬುದು ಒತ್ತಿ, ಪೂರ್ತಿಯಾಗಿ ಬರುತ್ತದೆ. ಅಂದರೆ ‘ಕ್ಯಾನ್’ ಎಂದು ಖಡಕ್ಕಾಗಿ ಕೇಳಿದರೆ ಬಹುಪಾಲು ಅದು ಇಲ್ಲ ಎಂದೇ! ಇಡೀ ಜೋಕ್ ತಲೆಕೆಳಗಾಗಲು ಇಷ್ಟು ಸಾಕು.

ಕೆಲವು ಸಲ ಸದ್ದು ಸರಿಯಾಗೇ ಕೇಳಿರುತ್ತದೆ, ಪದಗಳ ಜೋಡಿ ಗೊತ್ತಿರುವುದಿಲ್ಲ. ‘ಪುಲ್’ ಗೊತ್ತು, ‘ಆಫ್’ ಗೊತ್ತು. ‘ಶಿ ಪುಲ್ಡ್ ಇಟ್ ಆಫ್’ ಅಂದರೆ ಕಷ್ಟದ ಕೆಲಸವನ್ನು ಮಾಡಿಯೇಬಿಟ್ಟಳು ಎಂಬುದು ಗೊತ್ತಿಲ್ಲ. ‘ಶೋ ಅಪ್’ ಅಂದರೆ ಬಂದು ನಿಲ್ಲು. ‘ಎಂಡ್ ಅಪ್’ ಅಂದರೆ ಕೊನೆಗೆ ಹಾಗಾಗಿಬಿಡು. ‘ಫ್ರೀಕ್ ಔಟ್’ ಅಂದರೆ ಗಾಬರಿಬಿದ್ದು ಹೋಗು. ಏನಾದರೂ ಕೊಡಲು ಬಂದಾಗ ‘ಐಯಾಮ್ ಗುಡ್’ ಎಂದರೆ ‘ಬೇಡ, ಸಾಕು’. ಆಶ್ಚರ್ಯದಿಂದ ಗೆಳೆಯನಿಗೆ ‘ಶಟ್ ಅಪ್!’ ಎಂದರೆ ‘ಹೌದಾ? ನಿಜವಾಗ್ಲೂ?’ ಇವುಗಳನ್ನು ಒಂದೊಂದೇ ಪದವಾಗಿ ಬರೆದುಕೊಂಡರೆ ಉಪಯೋಗವಿಲ್ಲ. ಯಾರು, ಯಾರಿಗೆ, ಯಾವಾಗ ಹೇಳಿದರು ಎಂಬುದರ ಜೊತೆ ಇಡೀ ವಾಕ್ಯ ಬರೆಯಿರಿ. ಆ ನಟನ ಮುಖವೂ ಅದರ ಜೊತೆಗೇ ನೆನಪಿಗೆ ಬರುತ್ತದೆ.

ಇನ್ನು ಕೆಲವು ಸಲ ಎಲ್ಲ ಅರ್ಥವಾದರೂ ನಗು ಬರುವುದಿಲ್ಲ. ಅವರ ದೇಶದ ಯಾವುದೋ ಜಾಹೀರಾತು, ಯಾವುದೋ ಹಳೆಯ ಹಗರಣ ಅಲ್ಲಿ ಅಡಗಿರುತ್ತದೆ. ಅದನ್ನು ಬಿಟ್ಟುಬಿಡಿ, ಅದು ಭಾಷೆಯ ಸಮಸ್ಯೆ ಅಲ್ಲ.

ಕ್ಯಾಪ್ಶನ್ ಬಗ್ಗೆ ಒಂದು ಎಚ್ಚರಿಕೆ. ಯಂತ್ರ ತಾನಾಗಿ ಹಾಕುವ ಕ್ಯಾಪ್ಶನ್‌ಗಳು ಯೂಟ್ಯೂಬಿಗೆ 2009ರಲ್ಲಿ ಬಂದವು. ಒಬ್ಬರೇ ಶಾಂತವಾಗಿ ಮಾತಾಡಿದರೆ ಅವು ಚೆನ್ನಾಗಿರುತ್ತವೆ. ಇಬ್ಬರು ಒಟ್ಟಿಗೆ ನಗುತ್ತಾ ಮಾತಾಡಿದರೆ ತಪ್ಪುತ್ತವೆ, ಅಂದರೆ ನಮಗೆ ಬೇಕಾದ ಜಾಗದಲ್ಲೇ ಕೈಕೊಡುತ್ತವೆ. ಸೆಟ್ಟಿಂಗಿನಲ್ಲಿ ‘ಆಟೋ ಜನರೇಟೆಡ್’ ಎಂದು ಇಲ್ಲದ ಕ್ಯಾಪ್ಶನ್ ಇದ್ದರೆ ಅದನ್ನೇ ಆರಿಸಿ. ವೇಗ ಇಳಿಸುವುದಾದರೆ 0.75ಕ್ಕೆ ನಿಲ್ಲಿಸಿ. ಅರ್ಧಕ್ಕೆ ಇಳಿಸಿದರೆ ದನಿ ಎಳೆದಂತಾಗಿ ಮಾತಿನ ಲಯವೇ ಹೋಗುತ್ತದೆ.

ಈ ದಾರಿಯಲ್ಲಿ ಕಲಿತವರಿಗೆ ಒಂದು ಹೆಸರಾಂತ ಉದಾಹರಣೆಯೇ ಇದೆ. ಕೊರಿಯಾದ ಬಿಟಿಎಸ್ ಎಂಬ ಹಾಡುಗಾರರ ತಂಡದ ನಾಯಕ ಆರ್‌ಎಂ 2017ರಲ್ಲಿ ಎಲೆನ್ ಡಿಜೆನರಸ್ ಅವರ ಶೋಗೆ ಬಂದಾಗ, ತಾನು ಇಂಗ್ಲಿಷ್ ಕಲಿತದ್ದು ‘ಫ್ರೆಂಡ್ಸ್’ ಎಂಬ ಹಾಸ್ಯ ಧಾರಾವಾಹಿಯಿಂದ ಎಂದು ಹೇಳಿದರು. ತಾಯಿ ಹತ್ತೂ ಸೀಸನ್ನಿನ ಡಿವಿಡಿ ತಂದುಕೊಟ್ಟಿದ್ದರಂತೆ. ಮೊದಲು ಕೊರಿಯನ್ ಸಬ್‌ಟೈಟಲ್ ಹಾಕಿ ನೋಡಿದರು, ಆಮೇಲೆ ಇಂಗ್ಲಿಷ್ ಸಬ್‌ಟೈಟಲ್, ಆಮೇಲೆ ಯಾವುದೂ ಇಲ್ಲದೆ. ಗಮನಿಸಿ, ನೋಡಿದ್ದನ್ನೇ ಮತ್ತೆ ನೋಡಿದರು. ಸಾವಿರ ರೀಲ್‌ಗಳನ್ನು ಬೆರಳಲ್ಲಿ ಸರಿಸುತ್ತಾ ಹೋದದ್ದಲ್ಲ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ 1885ರಷ್ಟು ಹಿಂದೆಯೇ ತೋರಿಸಿದ್ದಾನೆ, ಕಲಿತದ್ದರ ದೊಡ್ಡ ಪಾಲು ಮೊದಲ ಕೆಲವು ಗಂಟೆಗಳಲ್ಲೇ ಮರೆತುಹೋಗುತ್ತದೆ ಅಂತ. ಇವತ್ತು ನೋಡಿದ ಎರಡು ನಿಮಿಷದ ತುಣುಕನ್ನು ನಾಳೆ ಇನ್ನೊಮ್ಮೆ, ವಾರ ಬಿಟ್ಟು ಮತ್ತೊಮ್ಮೆ ನೋಡಿ. ನೋಡುವಾಗ ಅವರ ಜೊತೆಗೇ ಜೋರಾಗಿ ಹೇಳಿ. ಮನೆಯವರು ನಕ್ಕರೆ ನಗಲಿ. ಬಾಯಿಂದ ಹೊರಬರದ ಮಾತು ಬೇಕಾದಾಗ ಕೈಗೆ ಸಿಗುವುದಿಲ್ಲ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ತಾಯಿ ಕೇಳಿದರು: ‘ಇಂಥ ವಿಡಿಯೋಗಳಲ್ಲಿ ಕೆಟ್ಟ ಮಾತು ಇರುತ್ತದಲ್ಲಾ, ಮಕ್ಕಳು ಅದನ್ನೇ ಕಲಿತರೆ?’ ಈ ಆತಂಕ ಸರಿಯಾದದ್ದೇ. ತಾರೆಯರು ತಮ್ಮ ಬಗ್ಗೆ ಬಂದ ಬೈಗುಳದ ಟ್ವೀಟ್ ಓದುವ ವಿಡಿಯೋಗಳು, ಒಬ್ಬರನ್ನೊಬ್ಬರು ಹೀಯಾಳಿಸುವ ರೋಸ್ಟ್‌ಗಳು ಮಕ್ಕಳಿಗೆ ಬೇಡ. ಶುರುವಿನಲ್ಲಿ ದೊಡ್ಡವರಿಗೂ ಬೇಡ. ಖಾರ ತಿನ್ನುವ ಸಂದರ್ಶನದಲ್ಲೂ ಕೊನೆ ಕೊನೆಗೆ ಬೈಗುಳ ಬರುತ್ತದೆ, ನೀವು ಮೊದಲು ನೋಡಿ ಆಮೇಲೆ ತೋರಿಸಿ. ಬೀಪ್ ಸದ್ದು ಬಂದ ಕಡೆ ಇದ್ದ ಪದ ನಮ್ಮ ನೋಟ್‌ಬುಕ್ಕಿಗೆ ಬೇಡ. ಬೀಪ್ ಇಲ್ಲದಿದ್ದರೂ ಕೆಲವು ಮಾತು ಹಳೆಯ ಗೆಳೆಯರ ನಡುವೆ ಮಾತ್ರ ನಡೆಯುತ್ತವೆ. ಆಗ ಹೇಳಿದೆನಲ್ಲ, ‘ಶಟ್ ಅಪ್’, ಅದನ್ನು ಆಶ್ಚರ್ಯದಲ್ಲೇ ಆದರೂ ಮೇಲಧಿಕಾರಿಗೆ ಹೇಳುವಂತಿಲ್ಲ. ಅನುಮಾನ ಬಂದರೆ ಆಕ್ಸ್‌ಫರ್ಡ್ ಅಥವಾ ಕೇಂಬ್ರಿಡ್ಜಿನ ಕಲಿಯುವವರ ನಿಘಂಟು ತೆರೆಯಿರಿ. ಪದದ ಪಕ್ಕದಲ್ಲೇ ‘ಇನ್‌ಫಾರ್ಮಲ್’, ‘ಅಫೆನ್ಸಿವ್’ ಎಂದು ಗುರುತು ಹಾಕಿರುತ್ತಾರೆ. ಮೊದಲನೆಯದು ಗೆಳೆಯರ ನಡುವಿನ ಮಾತು, ಎರಡನೆಯದು ಮುಟ್ಟಬಾರದ್ದು.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ ಕೇಳಿದ: ‘ಸರ್, ಅಮೆರಿಕನ್ ಕಲಿಯಬೇಕೋ ಬ್ರಿಟಿಷ್ ಕಲಿಯಬೇಕೋ?’ ಕೇಳಿಸಿಕೊಳ್ಳಲು ಎರಡೂ ಬೇಕಪ್ಪಾ. ಮಾತಾಡಲು, ನಿನಗೆ ಯಾವ ನಟನ ಮಾತು ಕೇಳಿದರೆ ಖುಷಿಯಾಗುತ್ತದೋ ಆ ಉಚ್ಚಾರದಿಂದ ಶುರು ಮಾಡು. ಒಬ್ಬರನ್ನೇ ಹಿಡಿದುಕೋ. ಅವರ ಹೆಸರಿನ ಜೊತೆ ‘ಇಂಟರ್‌ವ್ಯೂ’ ಅಥವಾ ‘ಬ್ಲೂಪರ್ಸ್’ ಎಂದು ಹುಡುಕು. ಕಾರ್ಯಕ್ರಮದವರದೇ ಚಾನೆಲ್ಲಿನಿಂದ ಬಂದ ಮೂರು ನಾಲ್ಕು ನಿಮಿಷದ ವಿಡಿಯೋ ಒಂದನ್ನು ಆರಿಸು. ಯಾರೋ ಕತ್ತರಿಸಿ ಹಾಕಿದ ತುಂಡಿನಲ್ಲಿ ಜೋಕಿನ ಮೊದಲ ಅರ್ಧ ಹೋಗಿರುತ್ತದೆ, ಅದು ಬೇಡ. ಕ್ಯಾಪ್ಶನ್ ಇಲ್ಲದೆ ಒಂದು ಸಲ ಪೂರ್ತಿ ನೋಡು, ಅವರೆಲ್ಲ ನಕ್ಕು ನಿನಗೆ ನಗು ಬರದ ಕಡೆ ಎಷ್ಟನೇ ಸೆಕೆಂಡ್ ಎಂದು ಬರೆದುಕೋ. ಆ ಸಂಖ್ಯೆಗಳಲ್ಲಿ ಎರಡನ್ನು ಮಾತ್ರ ಇವತ್ತು ಬಿಡಿಸು, ಉಳಿದದ್ದು ನಾಳೆಗಿರಲಿ.